ಐಹೊಳೆ ನೋಡದವರಿಗೂ ಐಹೊಳೆ ತವರು

ಕೇಳುಗರೊಬ್ಬರ ಪ್ರಶ್ನೆ: ‘ಐಹೊಳೆ ಮಂದಿ ಸಾವಿರ ವರ್ಷದ ಹಿಂದೆಯೇ ಹಡಗು ಹತ್ತಿ ಇಂಡೋನೇಷ್ಯಾಕ್ಕೆ ಹೋಗಿ ನೆಲೆಸಿದ್ರಂತಲ್ಲ, ನಿಜಾನಾ?’ ಅರ್ಧ ನಿಜ. ಉಳಿದರ್ಧ ಇನ್ನೂ ಸ್ವಾರಸ್ಯವಾಗಿದೆ.

ಐಹೊಳೆ ಅಂದ್ರೆ ನಮಗೆ ನೆನಪಾಗೋದು ದುರ್ಗದ ಗುಡಿ, ಲಾಡಖಾನ್ ಗುಡಿ, ಮೇಗುತಿಯ ಶಾಸನ. ಆದ್ರೆ ಈ ಊರಿನ ಹೆಸರು ಸಮುದ್ರ ದಾಟಿದ್ದು ವ್ಯಾಪಾರದಿಂದ. ಶಾಸನಗಳಲ್ಲಿ ಬರುವ ‘ಅಯ್ಯಾವೊಳೆ ಐನೂರ್ವರು’ ಒಂದು ವರ್ತಕ ಸಂಘ. ಬಿ.ಕಾಂ. ಓದಿದ ನನಗೆ ಅರ್ಥವಾಗೋದು ಹೀಗೆ: ಇದು ಒಂದೇ ಕಂಪನಿ ಅಲ್ಲ. ಬೇರೆ ಬೇರೆ ಊರಿನ ವರ್ತಕರು ಒಂದೇ ಹೆಸರಿನಡಿ ಸೇರಿದ್ದ ಒಕ್ಕೂಟ. ಅವರ ಕಟ್ಟುಪಾಡಿಗೆ ‘ವೀರಬಣಂಜು ಧರ್ಮ’ ಅನ್ನೋ ಹೆಸರಿತ್ತು. ಶಿಕಾರಿಪುರ ಕಡೆಯ 11ನೇ ಶತಮಾನದ ಶಾಸನವೊಂದು ಅವರು ಓಡಾಡಿದ ನಾಡುಗಳ ಪಟ್ಟಿ ಕೊಡುತ್ತೆ: ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ. ಸರಕು ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ.

ಈಗ ಸಮುದ್ರದಾಚೆ ಹೋಗೋಣ. ಸುಮಾತ್ರಾದ ಬಾರುಸ್ ಹತ್ತಿರದ ಲೋಬು ತುವಾದಲ್ಲಿ 1088ರ ಕಲ್ಲೊಂದು ಸಿಕ್ಕಿದೆ. ಬಾರುಸ್ ಕರ್ಪೂರಕ್ಕೆ ಹೆಸರಾದ ಬಂದರು. ಹಡಗಿನ ನಾಯಕರು ಕಸ್ತೂರಿ ಬೆಲೆಯ ಲೆಕ್ಕದಲ್ಲಿ ಚಿನ್ನದ ಶುಲ್ಕ ಕಟ್ಟಬೇಕು ಅಂತ ಐನೂರ್ವರು ಅದರಲ್ಲಿ ನಿಯಮ ಮಾಡಿದ್ದಾರೆ. ಆದ್ರೆ ಶಾಸನದ ಭಾಷೆ ತಮಿಳು, ಕನ್ನಡ ಅಲ್ಲ! ಬರ್ಮಾದ ಪಗಾನ್‌ನಲ್ಲೂ ‘ನಾನಾದೇಶಿ’ ವರ್ತಕರ ಹೆಸರಿನ ವಿಷ್ಣು ಗುಡಿ ಇತ್ತು. 13ನೇ ಶತಮಾನದಲ್ಲಿ ಅದಕ್ಕೆ ಮಂಟಪ ಕಟ್ಟಿಸಿದವನು ಕೇರಳ ಕಡೆಯವನು.

ಹಾಗಾದ್ರೆ ಐಹೊಳೆ ಎಲ್ಲಿ ಬಂತು? ಅವರ ವಂಶಾವಳಿಯಲ್ಲಿ. ತಮಿಳುನಾಡಿನ ಶಾಸನಗಳಲ್ಲೂ ಈ ಸಂಘದವರು ತಮ್ಮನ್ನ ಕರ್ಕೊಳ್ಳೋದು ‘ಐಹೊಳೆಯ ಪರಮೇಶ್ವರಿಯ ಮಕ್ಕಳು’ ಅಂತ. ಅವರಲ್ಲಿ ಎಷ್ಟೋ ಜನ ಮಲಪ್ರಭೆಯನ್ನೇ ನೋಡಿರಲಿಕ್ಕಿಲ್ಲ. ಆದರೂ ತಾಯಿ ಒಬ್ಬಳೇ, ತವರು ಒಂದೇ.

ಇದು ಬರೀ ಭಕ್ತಿ ಅಂತ ನನಗನಿಸಲ್ಲ. ಬ್ಯಾಂಕಿಲ್ಲ, ಪಾಸ್‌ಪೋರ್ಟಿಲ್ಲ. ಪರದೇಶದ ಬಂದರಲ್ಲಿ ಇಳಿದ ಅಪರಿಚಿತನಿಗೆ ಉದ್ರಿ ಕೊಡೋದು ಹೇಗೆ? ‘ನಾವು ಒಂದೇ ತಾಯಿ ಮಕ್ಕಳು’ ಅನ್ನೋ ಮಾತೇ ಜಾಮೀನು.

ಹಾಗಾಗಿ ಆ ಕಲ್ಲು ನೋಡಿ ‘ನಮ್ಮೂರ ರಕ್ತ ಸುಮಾತ್ರಾದಲ್ಲಿದೆ’ ಅಂತ ಹೇಳೋಕೆ ಬರಲ್ಲ. ದಾಟಿದ್ದು ಊರಿನ ಹೆಸರು. ಹೋದವರು ಆ ಹೆಸರನ್ನ ತಮ್ಮದು ಮಾಡಿಕೊಂಡ್ರು.

ಇವತ್ತು ಬಾದಾಮಿ, ಹುನಗುಂದ ಕಡೆಯಿಂದ ಗೋವಾ, ಮಂಗಳೂರಿಗೆ ದುಡಿಯೋಕೆ ಹೋದವರ ಮಕ್ಕಳು ಅಲ್ಲೇ ಹುಟ್ಟಿ ಬೆಳೀತಾರೆ. ‘ಯಾವೂರಪಾ?’ ಅಂದ್ರೆ ‘ಬಾದಾಮಿ ಕಡೆಯವ್ರು ನಾವು’ ಅಂತಾರೆ. ಅದೂ ಸುಳ್ಳಲ್ಲ ನೋಡ್ರಿ.

ನಿಮ್ಮ ಮನೆಯಲ್ಲೂ ಯಾರೂ ನೋಡದ ಮೂಲ ಊರೊಂದು ಇದ್ರೆ, ಅದರ ಹೆಸರು ಬರೆದು ಕಳಿಸಿ.