ಫ್ಯಾನ್ ಮಳಿ ಓಡಸೂದಿಲ್ಲ, ಕುಡಗೋಲು ಸಿಡಿಲು ಎಳಿಯೂದಿಲ್ಲ

"ಫ್ಯಾನ್ ಬಂದ ಮ್ಯಾಲೆ ಮಳಿ ಹೋತು ನೋಡ್ರಿ." ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲಿನ ಕಡೆ ಕೈ ಮಾಡಿ ಯಾರಾದರೂ ಹೀಗೆ ಹೇಳದ ಕಟ್ಟೆ ಯಳವತ್ತಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಸಿಗುವುದು ಅಪರೂಪ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮೋಡ ಚದುರಿಸುತ್ತವೆ ಎಂಬುದು ಈ ಭಾಗದ ಗಟ್ಟಿ ನಂಬಿಕೆ. ಮಹಾರಾಷ್ಟ್ರದ ಸಾತಾರಾ, ಸಾಂಗಲಿ ರೈತರೂ ಹಿಂದೆ ಇದೇ ದೂರು ಹೇಳಿದ್ದರು.

ಕರೆಂಟು ಕುಡಿದು ಗಾಳಿ ಬೀಸುವುದು ಮನೆಯ ಫ್ಯಾನು. ಗುಡ್ಡದ ಮೇಲಿನದು ಬೀಸುವ ಗಾಳಿಯಿಂದಲೇ ತಿರುಗಿ ಕರೆಂಟು ಕೊಡುತ್ತದೆ. ಅದರ ರೆಕ್ಕೆಯ ತುದಿ ಹೆಚ್ಚೆಂದರೆ ನೆಲದಿಂದ 200 ಮೀಟರ್ ಆಸುಪಾಸು ಮುಟ್ಟೀತು. ಗುಡುಗಿ ಸುರಿಯುವ ಮೋಡದ ಬುಡವೇ ಸುಮಾರು ಒಂದು ಕಿಲೋಮೀಟರ್ ಎತ್ತರದಲ್ಲಿರುತ್ತದೆ, ನೆತ್ತಿ ಹತ್ತು ಹನ್ನೆರಡು ಕಿಲೋಮೀಟರ್ ದಾಟುತ್ತದೆ. ಗದಗ ಸೀಮೆಗೆ ಮಳೆ ಕಡಿಮೆಯಾಗಲು ಹಳೆಯ ಕಾರಣವೊಂದಿದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡ ಸಹ್ಯಾದ್ರಿಯಲ್ಲೇ ಬಹುಪಾಲು ಖಾಲಿಯಾಗುತ್ತದೆ. ಘಟ್ಟದ ಬೆನ್ನಿಗಿರುವ ನಮಗೆ ಉಳಿದದ್ದು ವರ್ಷಕ್ಕೆ 600 ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. 1876–78ರ ಭೀಕರ ಬರದಲ್ಲಿ ಗುಡ್ಡದ ಮೇಲೆ ಒಂದೂ ಫ್ಯಾನ್ ಇರಲಿಲ್ಲ. 2019ರಲ್ಲಿ ಫ್ಯಾನುಗಳೆಲ್ಲ ತಿರುಗುತ್ತಿದ್ದಾಗಲೇ ಜಿಲ್ಲೆ ನೆರೆ ಕಂಡಿತು. ಕಪ್ಪತಗುಡ್ಡದಲ್ಲಿ ಗಾಳಿಯಂತ್ರ ಬೇಕೋ ಬೇಡವೋ ಎಂಬ ವಾದ ಬೇರೆ. ಅದಕ್ಕೆ ಕಾಡು, ಔಷಧಿ ಗಿಡ, ವನ್ಯಜೀವಿಗಳ ಲೆಕ್ಕ ಬೇಕು, ಆ ಜಗಳ ಆಡುವುದೂ ಸರಿಯೇ. ಮಳೆಯ ಹೆಸರಿನಲ್ಲಿ ಆಡಿದರೆ ಮಾತ್ರ ಸೋಲು ಖಂಡಿತ.

ಇದಕ್ಕಿಂತ ದುಬಾರಿಯ ನಂಬಿಕೆ ಇನ್ನೊಂದಿದೆ: "ನಮ್ಮದು ಬರದ ನಾಡು, ನಮಗ್ಯಾವ ನೆರಿ, ಯಾವ ಸಿಡಿಲು." ಬರ ಬೆಳೆ ತಿನ್ನುತ್ತದೆ, ಸಾಲ ಏರಿಸುತ್ತದೆ. ಆದರೆ ನಿಂತ ನಿಲುವಿನಲ್ಲಿ ಮನುಷ್ಯನ ಜೀವ ತೆಗೆಯುವುದು ಸಿಡಿಲು, ಹಸಿ ಗೋಡೆ ಮತ್ತು ಹಳ್ಳ. ದೇಶದಲ್ಲಿ 2019ರಿಂದ 2022ರವರೆಗೆ ಪ್ರತಿ ವರ್ಷವೂ 2,800ಕ್ಕೂ ಹೆಚ್ಚು ಜನ ಸಿಡಿಲಿಗೆ ಸತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಹೊಲದಲ್ಲಿದ್ದವರು, ದನ ಕುರಿ ಕಾಯುತ್ತಿದ್ದವರು.

ನಮ್ಮಲ್ಲಿ ಸಿಡಿಲಿಗೆ ಎರಡು ಹಂಗಾಮು. ಯುಗಾದಿ ಕಳೆದ ಮೇಲೆ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಸಂಜೆ ಒಂದು. ಹಿಂಗಾರಿನ ಹಸ್ತ, ಚಿತ್ತಾ, ಸ್ವಾತಿಯ ಹೊತ್ತು ಇನ್ನೊಂದು. ಮೊದಲನೆಯದರಲ್ಲಿ ಹೊಲ ಹದ ಮಾಡುವ ಗಡಿಬಿಡಿ, ಎರಡನೆಯದರಲ್ಲಿ ಶೇಂಗಾ ಕಿತ್ತು ಗೋವಿನಜೋಳ ಮುರಿಯುವ ಗಡಿಬಿಡಿ. ಎರಡರಲ್ಲೂ ಜನ ಬಯಲಲ್ಲೇ ಇರುತ್ತಾರೆ. ಎರಿ ಹೊಲದಲ್ಲಿ ಕಣ್ಣು ಹಾಯುವಷ್ಟು ದೂರ ಗಿಡವಿಲ್ಲದ ಕಡೆ, ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು.

ಗುಡುಗು ಕೇಳಿದೊಡನೆ ಕೈಯಲ್ಲಿನ ಕುಡಗೋಲು ಎಸೆದು ಬೇವಿನ ಗಿಡದ ಬುಡಕ್ಕೆ ಓಡುವವರಿದ್ದಾರೆ. ಒಂದು ಮೊಳದ ಕಬ್ಬಿಣ ಮೋಡದಿಂದ ಸಿಡಿಲನ್ನು ಎಳೆದು ತರುವುದಿಲ್ಲ. ಸಿಡಿಲು ಹುಡುಕುವುದು ಎತ್ತರವನ್ನು, ಒಂಟಿಯಾಗಿ ನಿಂತದ್ದನ್ನು. ಎಸೆದ ಕುಡಗೋಲಿನಿಂದ ಲಾಭವಿಲ್ಲ, ಸೇರಿಕೊಂಡ ಗಿಡದಿಂದ ಜೀವಕ್ಕೇ ಸಂಚಕಾರ. ಗಿಡಕ್ಕೆ ಬಡಿದ ಸಿಡಿಲು ಬೊಡ್ಡೆಯಿಂದ ಪಕ್ಕದಲ್ಲಿ ನಿಂತವನಿಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಿಯುತ್ತದೆ. ಒಂದೇ ಸಿಡಿಲಿಗೆ ಹಿಂಡುಗಟ್ಟಲೆ ಕುರಿ ಸತ್ತ ಸುದ್ದಿ ಓದಿರುತ್ತೀರಿ. ಪ್ರತಿ ಕುರಿಗೂ ಬೇರೆ ಬೇರೆ ಸಿಡಿಲು ಬಡಿದಿರುವುದಿಲ್ಲ. ನೆಲದಲ್ಲಿ ಹರಿದ ವಿದ್ಯುತ್ತು ಮುಂಗಾಲಿನಿಂದ ಹತ್ತಿ ಹಿಂಗಾಲಿನಿಂದ ಇಳಿಯುವಾಗ ನಡುವಿರುವ ಗುಂಡಿಗೆಯನ್ನು ಹಾಯುತ್ತದೆ. ಚಕ್ಕಡಿಯ ಅಡಿ, ಸುತ್ತ ಗೋಡೆಯಿಲ್ಲದ ತಗಡಿನ ಶೆಡ್ಡು, ಮೇಲ್ಛಾವಣಿ ಇಲ್ಲದ ಟ್ರ್ಯಾಕ್ಟರು, ಇವೂ ಆಸರೆಯಲ್ಲ.

ಆಸರೆ ಎಂದರೆ ಸ್ಲ್ಯಾಬಿನ ಮನೆ, ಶಾಲೆ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸು, ಟೆಂಪೋ. ವಾಹನದಲ್ಲಿ ಕಾಯುವುದು ರಬ್ಬರ್ ಗಾಲಿ ಎಂಬುದೂ ತಪ್ಪೇ. ಸುತ್ತಲಿನ ಲೋಹದ ಕವಚ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಅಂದರೆ ಮುಂದಿನದು ನಿಮ್ಮ ಹೊಲದಲ್ಲೇ ಬೀಳಬಹುದು. ಕೊನೆಯ ಗುಡುಗಿನ ಬಳಿಕ ಅರ್ಧ ತಾಸು ಹೊರಗೆ ಕಾಲಿಡಬೇಡಿ. ಊರು ದೂರವಿದ್ದರೆ ಗಿಡ, ತಂತಿಬೇಲಿ ಬಿಟ್ಟು ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕುಳಿತುಕೊಳ್ಳಿ, ಮಲಗಬೇಡಿ, ಗುಂಪಾಗಬೇಡಿ. ಇದು ಅಪಾಯವನ್ನು ಸ್ವಲ್ಪ ತಗ್ಗಿಸೀತು, ಹೆಚ್ಚೇನಿಲ್ಲ. ಮೋಡ ಕಟ್ಟುವಾಗಲೇ ಹೊಲ ಬಿಡುವುದೇ ಸರಿ. ಮೊಬೈಲು ಸಿಡಿಲು ಎಳೆಯುವುದಿಲ್ಲ, ಚಾರ್ಜಿಗೆ ಹಚ್ಚಿದ ಮೊಬೈಲಿನಲ್ಲಿ ಮಾತಾಡಿದರೆ ಮಾತ್ರ ತಂತಿಯ ಮೂಲಕ ಬಂದು ಬಡಿದೀತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಇರುವುದೂ ಆ ಮೊಬೈಲಿನಲ್ಲೇ. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಹಿರಿಯರು ಜಪಿಸುತ್ತಾರಲ್ಲ, ಧೈರ್ಯಕ್ಕೆ ಒಳ್ಳೆಯದೇ. ಮನೆಯೊಳಗೆ ಕುಳಿತು ಜಪಿಸಲಿ.

ಇನ್ನು ಸಿಡಿಲು ಬಡಿದವರ ಗತಿ. ಮೈಯಲ್ಲಿ ಕರೆಂಟು ಉಳಿದಿರುತ್ತದೆ, ಮುಟ್ಟಬಾರದು ಎಂದು ದೂರ ನಿಲ್ಲುವವರೇ ಬಹಳ. ತಿಪ್ಪೆಯಲ್ಲಿ ಕುತ್ತಿಗೆವರೆಗೆ ಹೂತರೆ ಸಗಣಿ ಕರೆಂಟು ಹೀರುತ್ತದೆ ಎನ್ನುವವರೂ ಇದ್ದಾರೆ. ಛತ್ತೀಸಗಡ, ಒಡಿಶಾ ಕಡೆ ಹೀಗೆ ಹೂತು ಹೊತ್ತು ಕಳೆದ ಪ್ರಕರಣಗಳು ಪತ್ರಿಕೆಗೆ ಬರುತ್ತಲೇ ಇರುತ್ತವೆ. ಸಿಡಿಲು ಕ್ಷಣದಲ್ಲಿ ಹಾದು ಹೋಗಿರುತ್ತದೆ, ಮೈಯಲ್ಲಿ ಏನೂ ಉಳಿದಿರುವುದಿಲ್ಲ. ನಿಂತಿರುವುದು ಹೃದಯ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಊರಿ, ಎರಡು ಇಂಚು ಒಳಗೆ ಹೋಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಹಚ್ಚಬೇಕು. ತಿಪ್ಪೆ ತೋಡುವ ಹೊತ್ತಿನಲ್ಲಿ ಬದುಕುವವನೂ ಸಾಯುತ್ತಾನೆ.

ಮಣ್ಣಿನ ಗೋಡೆಯ ವಿಷಯದಲ್ಲಿ ನಂಬಿಕೆ ಇನ್ನೂ ಮೆತ್ತಗೆ ಕೊಲ್ಲುತ್ತದೆ: "ಅಜ್ಜನ ಕಾಲದ ಗ್ವಾಡಿ, ಬೀಳೂದಿಲ್ಲ." 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ 200ಕ್ಕೂ ಹೆಚ್ಚು ಜನ ಸತ್ತರು. ಮನೆ ಕುಸಿದು ಸತ್ತವರ ಪಾಲು ಅದರಲ್ಲಿ ದೊಡ್ಡದು. ನಮ್ಮ ಮಾಳಗಿ ಮನೆಗಳ ಗೋಡೆಗೆ ದೊಡ್ಡ ಮಳೆಗಿಂತ ಎರಡು ಮೂರು ದಿನ ಹಿಡಿದ ಜಿಟಿಜಿಟಿ ಮಳೆ ಹೆಚ್ಚು ಅಪಾಯ. ನೀರು ಕುಡಿದ ಗೋಡೆಯ ತೂಕ ಏರುತ್ತದೆ, ಬಲ ಇಳಿಯುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಅದು ಕುಸಿಯಬಹುದು. ಮ್ಯಾಲ್ಮುದ್ದಿ, ಅಂದರೆ ಮಾಳಿಗೆಯ ಮಣ್ಣಿನ ಹೊದಿಕೆ, ಸೋರದಿರಲೆಂದು ಪ್ರತಿ ವರ್ಷ ಹಳೆಯ ಮಣ್ಣು ತೆಗೆಯದೆ ಹೊಸದನ್ನು ಹೇರುವ ರೂಢಿಯಿದೆ. ತೊಲೆ ಜಂತಿಗಳ ಮೇಲೆ ಭಾರ ಬೆಳೆಯುತ್ತಲೇ ಹೋಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಹತ್ತು ಸಾವಿರದಷ್ಟು ಜನ ಸತ್ತಿದ್ದಕ್ಕೆ ಇಂಥದೇ ಮಣ್ಣಿನ ಭಾರದ ಮಾಳಿಗೆ, ಮಣ್ಣುಗಾರೆಯ ಕಲ್ಲುಗೋಡೆಗಳು ದೊಡ್ಡ ಕಾರಣ.

ರೋಹಿಣಿಗೆ ಮುಂಚೆ ಮನೆಯ ಸುತ್ತ ಒಂದು ಸುತ್ತು ಹಾಕಿ ನೋಡಿ. ಹೊಟ್ಟೆ ಬಂದ ಗೋಡೆ, ಮೇಲೆ ಅಗಲವಾಗುತ್ತ ಹೋದ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಬುಡದಲ್ಲಿ ಉದುರಿದ ಮಣ್ಣು. ಇವುಗಳಲ್ಲಿ ಒಂದು ಕಂಡರೂ ಮಳೆಗಾಲದಲ್ಲಿ ಆ ಗೋಡೆಯ ಬದಿ ಮಕ್ಕಳನ್ನು, ಮುದುಕರನ್ನು ಮಲಗಿಸಬೇಡಿ. ಮಾಳಿಗೆ ನೀರು ಗೋಡೆಗೆ ಬಡಿಯದೆ ದೂರ ಬೀಳುವಂತೆ ಪೈಪು ಹಚ್ಚಿಸಲು ಆಗುವ ಖರ್ಚು ದೊಡ್ಡದಲ್ಲ.

ಹಳ್ಳದ ಬಗ್ಗೆ ಒಂದೇ ಮಾತು. "ಇಲ್ಲಿ ಮಳಿನೇ ಇಲ್ಲ, ಹಳ್ಳ ಎಲ್ಲಿಂದ ಬರ್ತೈತಿ" ಎನ್ನುವವರು ಬೆಣ್ಣಿಹಳ್ಳ ನೋಡಲಿ. ಹುಬ್ಬಳ್ಳಿ ಕಡೆ ಮಳೆಯಾದರೆ ಅದು ರೋಣ, ನರಗುಂದದ ಬದಿ ಹೊಲ ನುಂಗುತ್ತದೆ. ಮೊಣಕಾಲು ಮುಟ್ಟುವಷ್ಟು ರಭಸದ ನೀರು ಗಟ್ಟಿ ಆಳನ್ನೂ, ಬೈಕನ್ನೂ ಎಳೆದೊಯ್ಯುತ್ತದೆ.

ನೆಲದ ಬಗ್ಗೆಯೂ ತಪ್ಪು ನಂಬಿಕೆಯುಂಟು. ನರಗುಂದ ಪಟ್ಟಣದಲ್ಲಿ 2019–20ರಲ್ಲಿ ಮನೆಯೊಳಗೇ ನೆಲ ಕುಸಿಯತೊಡಗಿದಾಗ ಭೂಕಂಪವೆಂಬ ಗುಲ್ಲು ಹಬ್ಬಿತ್ತು. ಗದಗ ಭೂಕಂಪದ ಅಪಾಯ ಕಡಿಮೆಯಿರುವ ವಲಯದಲ್ಲಿದೆ. ಅಲ್ಲಿ ಕುಸಿದದ್ದು ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವುಗಳು. ಅಂತರ್ಜಲ ಏರಿ ಅವುಗಳ ಬಾಯಿ ಸಡಿಲಾಗಿತ್ತು. ಹಳೆಯ ಓಣಿಯಲ್ಲಿ ಮನೆ ಕಟ್ಟುವವರು ಹಗೇವು ಎಲ್ಲಿತ್ತೆಂದು ಹಿರಿಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಯದು ದುಡ್ಡಿನ ಮಾತು. ವಿಮೆ ಕಂತು ಕಟ್ಟಿದರೆ ಪರಿಹಾರ ತಾನಾಗಿ ಬರುತ್ತದೆ ಎಂದು ಕಾಯುವವರು ಮೋಸ ಹೋಗುತ್ತಾರೆ. ಆಲಿಕಲ್ಲು ಬಿದ್ದು, ಹೊಲದಲ್ಲಿ ನೀರು ನಿಂತು ನಿಮ್ಮೊಬ್ಬರ ಬೆಳೆ ಹಾಳಾದರೆ ಫಸಲ್ ಬಿಮಾ ಯೋಜನೆಯಲ್ಲಿ 72 ತಾಸಿನೊಳಗೆ ದೂರು ದಾಖಲಾಗಬೇಕು. ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆಗೂ 14 ದಿನದವರೆಗೆ ಈ ರಕ್ಷಣೆ ಇದೆ. ಫೋನ್ ನಂಬರು 14447. ಸಿಡಿಲಿಗೆ ಮನುಷ್ಯ ಸತ್ತರೆ ಮರಣೋತ್ತರ ಪರೀಕ್ಷೆ ಇಲ್ಲದೆ ಸರ್ಕಾರದ ಪರಿಹಾರ ಸಿಗುವುದು ಕಷ್ಟ. ದನ ಸತ್ತರೆ ಹೂಳುವ ಮುಂಚೆ ಪಶುವೈದ್ಯರ ವರದಿ, ಫೋಟೋ ಬೇಕು. ಉತಾರ, ಆಧಾರ್, ಪಾಸ್‌ಬುಕ್ಕು, ವಿಮೆ ರಸೀದಿಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮನೆಮಂದಿಗೆಲ್ಲ ಗೊತ್ತಿರುವ ಗೂಟಕ್ಕೆ ತೂಗುಹಾಕಿ. ಜಿಲ್ಲಾ ವಿಕೋಪ ಸಹಾಯವಾಣಿ 1077 ಅನ್ನು ಅದರ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.