ನೀಲಕಂಠರಾಯನ ಗಡ್ಡಿ

ಸುರಪುರ ಸೀಮೆಯಲ್ಲಿ ಕೃಷ್ಣೆಯು ಬಂಡೆಗಳ ನಡುವೆ ಕವಲೊಡೆದು ಹರಿಯುವಲ್ಲಿ ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆಯುಂಟು. ‘ದ್ವಿ’, ‘ಅಪ್’ ಎಂಬೆರಡು ಪದಗಳು ಕೂಡಿ ‘ದ್ವೀಪ’ವಾಯಿತು, ಇಕ್ಕೆಲದಲ್ಲಿ ನೀರುಳ್ಳದ್ದೆಂದು ಅರ್ಥ. ವೈಯಾಕರಣರ ಈ ವಿವರಣೆಯು ಕಡಲಿಗಿಂತ ನಮ್ಮ ಹೊಳೆಯ ಗಡ್ಡಿಗೇ ಚೆನ್ನಾಗಿ ಒಪ್ಪುವುದು.

ಬೇಸಗೆಯಲ್ಲಿ ಹೊಳೆಯು ಬಡವಾಗಿ ಬಂಡೆಗಳು ಮೈದೋರುವುವು. ಆಗ ನೋಡಹೋದವರಿಗೆ ಅಲ್ಲಿಯೇ ಒಂದಿರುಳು ತಂಗಬೇಕೆಂಬ ಆಸೆಯು ಹುಟ್ಟುವುದು ಸಹಜವೇ. ಆದರೆ ಮುಂಗಾರು ಮೊದಲಾದ ಬಳಿಕ ಆಕಾಶವನ್ನು ಮಾತ್ರ ನೋಡಿ ಡೇರೆ ಹೊಡೆಯುವವನು ಮೋಸಹೋಗುವನು. ಮೇಲ್ಗಡೆ ನಾರಾಯಣಪುರದಲ್ಲಿ ಬಸವಸಾಗರವಿದೆ. ಇಲ್ಲಿ ಹನಿ ಬೀಳದಿದ್ದರೂ ದೂರದ ಸಹ್ಯಾದ್ರಿಯಲ್ಲಿ ಮಳೆ ಹೊಡೆದರೆ ಆ ಅಣೆಕಟ್ಟಿನ ಬಾಗಿಲುಗಳು ತೆರೆಯುವುವು, ಇಲ್ಲಿ ನೀರು ಏರುವುದು. ಆದುದರಿಂದ ಅಣೆಯ ಸುದ್ದಿಯನ್ನೂ ಊರ ಅಂಬಿಗರ ಮಾತನ್ನೂ ಕೇಳಿಯೇ ಕಾಲಿಡತಕ್ಕದ್ದು.

ನೋಡಬಂದವರೇನೋ ಮರಳಿ ಹೋಗುವರು, ಊರವರು? 2014ರ ಪ್ರವಾಹದಲ್ಲಿ ಇಲ್ಲಿಯ ತುಂಬುಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತವರಿನ ಗಂಡಸರ ಬೆಂಗಾವಲಿನಲ್ಲಿ ಈಜಿ ದಡ ಸೇರಿ, ಹೆರಿಗೆಯ ಆಸರೆಗಾಗಿ ಕಕ್ಕೇರಾಕ್ಕೆ ಹೋದಳು. ಆ ಸೋರೆಬುರುಡೆಯು ಅಲ್ಲಿಯವರಿಗೆ ಆಟದ ಸಾಮಾನಲ್ಲ. ತಂಗಲು ಹೋಗುವ ಗೃಹಸ್ಥರು ತಮ್ಮ ಬುತ್ತಿಯನ್ನು ತಾವೇ ಒಯ್ಯಲಿ. ಗಡ್ಡಿಯವರು ಕೂಡಿಟ್ಟ ಕಾಳುಕಡಿಯು ಮಳೆಗಾಲಕ್ಕೆ ಬೇಕಾದುದು.