ಬಿ.ಎಚ್. ರಸ್ತೆಯ ಧರ್ಮಕೇಂದ್ರಗಳು

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸು ನಗರದ ಗದ್ದಲ ದಾಟುತ್ತಿದ್ದಂತೆ ಮಲವಗೊಪ್ಪ ಸಿಗುತ್ತದೆ. ಚನ್ನಬಸವೇಶ್ವರನ ಸನ್ನಿಧಿ, ಕಬ್ಬು ನುರಿಸುವುದನ್ನು ಎಂದೋ ನಿಲ್ಲಿಸಿದ ತುಂಗಭದ್ರಾ ಸಕ್ಕರೆ ಕಾರ್ಖಾನೆಯ ನೆನಪು, ರಸ್ತೆಯ ಬದಿಗೆ ಬೆಳೆಯುತ್ತಲೇ ಇರುವ ಬಡಾವಣೆಗಳು. ಸರ್ಕಾರಿ ಕಡತದಲ್ಲಿ ಈ ಊರಿಗೆ ಒಂದೇ ಜಿಲ್ಲೆ, ಒಂದೇ ತಾಲ್ಲೂಕು. ಕಥೋಲಿಕ ಕ್ರೈಸ್ತರ ನಕ್ಷೆಯಲ್ಲಿ ಮಾತ್ರ ಇದು ಏಕಕಾಲಕ್ಕೆ ಎರಡು ಧರ್ಮಕ್ಷೇತ್ರಗಳೊಳಗೆ ಇದೆ. ಇಲ್ಲಿ ನೆಲೆಸಿದ ಲ್ಯಾಟಿನ್ ವಿಧಿಯ ಕುಟುಂಬ ಶಿವಮೊಗ್ಗದ ಧರ್ಮಾಧ್ಯಕ್ಷರಿಗೆ ಸೇರಿದ್ದು. ಅದರ ಪಕ್ಕದಲ್ಲೇ ಕೇರಳ ಮೂಲದ, ಪೂರ್ವದ ವಿಧಿಯ ಸಿರೋ ಮಲಬಾರ್ ಸಭೆಯ ಕುಟುಂಬವೊಂದು ಮನೆ ಮಾಡಿದರೆ ಅದು ಭದ್ರಾವತಿಯ ಧರ್ಮಾಧ್ಯಕ್ಷರಿಗೆ ಸೇರುತ್ತದೆ. ಎರಡೂ ಕುಟುಂಬಗಳಿಗೆ ಪೋಪ್ ಒಬ್ಬರೇ, ವಿಶ್ವಾಸವೂ ಒಂದೇ. ಮಗುವಿನ ಜ್ಞಾನಸ್ನಾನ ಬರೆದಿಡುವ ಪುಸ್ತಕ ಮಾತ್ರ ಬೇರೆ ಬೇರೆ.

ಆ ಪುಸ್ತಕ ಇರುವ ಜಾಗವೇ ಧರ್ಮಕೇಂದ್ರ. ಹಳೆಯ ಮೈಸೂರಿನ ಹಿರಿಯರ ಬಾಯಲ್ಲಿ ಅದು ವಿಚಾರಣೆ, ಅಲ್ಲಿನ ಪಾದ್ರಿ ವಿಚಾರಣಾ ಗುರುಗಳು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಗರಿಗೆ ಫಿರ್ಗಜ್, ಕೇರಳದಿಂದ ಬಂದವರಿಗೆ ಇಡವಕ. ಹೊರಗಿನವರಿಗೆ ಚರ್ಚ್ ಎಂದರೆ ಗೋಪುರ, ಗಂಟೆ, ಕ್ರಿಸ್ಮಸ್‌ನ ಗೋದಲಿ. ಒಳಗಿನವರಿಗೆ ಅದಕ್ಕಿಂತ ಮೊದಲು ಬರುವುದು ಈ ಸೇರುವಿಕೆ: ತಾನು ಯಾವ ಧರ್ಮಕೇಂದ್ರದವನು, ತನ್ನ ಗುರುಗಳು ಯಾರು, ತನ್ನ ಹೆಸರು ಎಲ್ಲಿ ಬರೆದಿದೆ ಎಂಬುದು.

ಈ ಏರ್ಪಾಡು ಕ್ರೈಸ್ತಮತದ ಜೊತೆಗೇ ಹುಟ್ಟಿದ್ದಲ್ಲ. ಮೊದಲ ಶತಮಾನಗಳಲ್ಲಿ ಪಟ್ಟಣಕ್ಕೊಬ್ಬ ಧರ್ಮಾಧ್ಯಕ್ಷ, ಅವನ ಸುತ್ತ ಒಂದೇ ಸಭೆ. ವಿಶ್ವಾಸಿಗಳು ಹಳ್ಳಿಗಳಲ್ಲೂ ಹೆಚ್ಚಿದಾಗ ಧರ್ಮಾಧ್ಯಕ್ಷ ಎಲ್ಲ ಕಡೆ ಹೋಗಲಾರದೆ ಗುರುಗಳನ್ನು ಕಳುಹಿಸತೊಡಗಿದ. ಯುರೋಪಿನಲ್ಲಿ ಜಮೀನ್ದಾರರು ತಮ್ಮ ಹಿಡುವಳಿಯಲ್ಲಿ ತಾವೇ ಗುಡಿ ಕಟ್ಟಿಸಿ ಗುರುವನ್ನು ನೇಮಿಸಿಕೊಂಡ ಕಾಲವೂ ಇತ್ತು. 779ರಲ್ಲಿ ದೊರೆ ಶಾರ್ಲಮೇನ್ ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಕೊಡುವುದು ಕಡ್ಡಾಯವೆಂದ ಮೇಲೆ ಯಾವ ಹೊಲ ಯಾವ ಚರ್ಚಿಗೆ ಎಂಬ ಗಡಿ ಮುಖ್ಯವಾಯಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ತಮ್ಮ ಸ್ವಂತ ಗುರುವಿನ ಬಳಿ ಪಾಪನಿವೇದನೆ ಮಾಡಲೇಬೇಕು ಎಂದು ವಿಧಿಸಿತು. ಗಡಿ ಈಗ ಹೊಲದಿಂದ ಮನುಷ್ಯನಿಗೆ ಬಂತು.

ಇಂದು ಮಲೆನಾಡಿನ ಕ್ರೈಸ್ತರು ಕಾಣುವ ಧರ್ಮಕೇಂದ್ರ ಬಹುಮಟ್ಟಿಗೆ 1563ರ ನವೆಂಬರಿನಲ್ಲಿ ರೂಪುಗೊಂಡದ್ದು. ಟ್ರೆಂಟ್ ಮಹಾಸಭೆ ಆ ತಿಂಗಳು ಎರಡು ದೊಡ್ಡ ತೀರ್ಮಾನ ಮಾಡಿತು. ಜನರನ್ನು ಖಚಿತ ಎಲ್ಲೆಯ ಧರ್ಮಕೇಂದ್ರಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಖಾಯಂ ಗುರುವನ್ನು ಕೊಡಬೇಕು ಎಂಬುದು ಒಂದು. ಗುರುವಿನ ಮತ್ತು ಸಾಕ್ಷಿಗಳ ಎದುರೇ ಮದುವೆ ನಡೆಯಬೇಕು, ಅದನ್ನು ಪುಸ್ತಕದಲ್ಲಿ ದಾಖಲಿಸಬೇಕು ಎಂಬುದು ಇನ್ನೊಂದು. ಗುಟ್ಟಾಗಿ ಮದುವೆಯಾಗಿ ಆಮೇಲೆ ಕೈಬಿಟ್ಟು ಹೋಗುವ ಗಂಡಸರಿಂದ ಹೆಣ್ಣುಮಕ್ಕಳಿಗಾಗುತ್ತಿದ್ದ ಅನ್ಯಾಯವನ್ನು ತಡೆಯುವುದೂ ಇದರ ಉದ್ದೇಶವಾಗಿತ್ತು. ಚರ್ಚಿನ ಕಪಾಟಿನಲ್ಲಿರುವ ದಪ್ಪ ರಟ್ಟಿನ ಪುಸ್ತಕಗಳನ್ನು ಬರೀ ಕಚೇರಿ ಕಾಗದವೆಂದು ತಳ್ಳಿಹಾಕುವವರು ಈ ಕಾರಣವನ್ನು ನೆನೆಯಬೇಕು.

ಪೋರ್ಚುಗೀಸರ ಮೂಲಕ ಈ ಪದ್ಧತಿ ಗೋವಾಕ್ಕೆ, ಅಲ್ಲಿಂದ ಕನ್ನಡ ಕರಾವಳಿಗೆ ಬಂತು. ಅದರಲ್ಲಿ ಶಿವಮೊಗ್ಗದ ನೆಲಕ್ಕೂ ಪಾಲಿದೆ. ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿನಿಂದ ಆಳುತ್ತಿದ್ದ ಕೆಳದಿ ಅರಸರು 1678ರಲ್ಲಿ ಗೋವಾದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರದಂಥ ಕಡೆ ಚರ್ಚ್ ಕಟ್ಟಲು ಸಮ್ಮತಿಸಿದರು. 1681ರಲ್ಲಿ ಕರಾವಳಿಗೆ ಬಂದ ಗೋವಾದ ಗುರು ಜೋಸೆಫ್ ವಾಜ್ ಚದುರಿಹೋಗಿದ್ದ ಸಭೆಗಳನ್ನು ಮತ್ತೆ ಕೂಡಿಸಿದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ವೀರಶೈವ ಅರಸೊತ್ತಿಗೆಯೊಂದರ ಅನುಮತಿಯಿಂದ ಕರಾವಳಿಯ ಧರ್ಮಕೇಂದ್ರಗಳು ಉಸಿರಾಡಿದವು ಎಂಬುದು ಈ ಜಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಸಂಗತಿ.

ಘಟ್ಟದ ಮೇಲಿನ ಕಥೆ ಬೇರೆ. ಹಳೆಯ ಮೈಸೂರು ರಾಜ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೆಲಸ ಹೆಚ್ಚಾಗಿ ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಗುರುಗಳದು. 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾದಾಗ ಶಿವಮೊಗ್ಗ ಅದರ ದೂರದ ಅಂಚು. ಅಂಚಿನ ಊರುಗಳಲ್ಲಿ ಖಾಯಂ ಗುರು ಅಪರೂಪ. ಗುರುಗಳು ಸಂಚಾರದ ಮೇಲೆ ಬರುವರು, ಉಪದೇಶಿಗಳು ಉಳಿದ ದಿನ ಪ್ರಾರ್ಥನೆ ನಡೆಸುವರು. ಇಂಥ ಜಾಗಗಳಿಗೆ ಇಂದಿಗೂ ಉಪಕೇಂದ್ರ ಎನ್ನುತ್ತಾರೆ. ಕುಟುಂಬಗಳು ಹೆಚ್ಚಿ, ಗುರುಮನೆ ಎದ್ದು, ಖರ್ಚು ತೂಗಿಸುವ ಶಕ್ತಿ ಬಂದ ಮೇಲೆ ಧರ್ಮಾಧ್ಯಕ್ಷರ ಆದೇಶದಿಂದ ಉಪಕೇಂದ್ರ ಧರ್ಮಕೇಂದ್ರವಾಗುತ್ತದೆ.

ಆ ಕುಟುಂಬಗಳನ್ನು ಹೆಚ್ಚಿಸಿದ್ದು ಬಹುಪಾಲು ಕೂಲಿ ಮತ್ತು ಸಂಬಳ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರ ಜನವರಿ 18ರಂದು ಭದ್ರಾವತಿಯಲ್ಲಿ ಆರಂಭವಾಯಿತು. 1937ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಬೆಂಕಿಪುರವೆಂಬ ಹಳ್ಳಿ ಹೊಗೆ ಕೊಳವೆಗಳ ಪಟ್ಟಣವಾಗುವಾಗ ಕನ್ನಡಿಗರ ಜೊತೆ ತಮಿಳು, ತೆಲುಗು, ಮಲಯಾಳ, ಕೊಂಕಣಿ ಮಾತಾಡುವವರೂ ಬಂದು ನೆಲೆಸಿದರು. ಅವರಲ್ಲಿ ಕ್ರೈಸ್ತರೂ ಇದ್ದರು. ವಸಾಹತು ಮೊದಲು, ಪ್ರಾರ್ಥನಾ ಮಂದಿರ ಆಮೇಲೆ, ಧರ್ಮಕೇಂದ್ರ ಕೊನೆಗೆ ಎಂಬುದು ಕಾರ್ಖಾನೆ ಊರುಗಳ ಕ್ರಮ. ಊರ ನಡುವೆ ಮೊದಲು ಚರ್ಚ್ ಎದ್ದು ಜನ ಅದರ ಸುತ್ತ ಬೆಳೆದ ಯುರೋಪಿನ ಚಿತ್ರ ಭದ್ರಾವತಿಗೆ ಹೊಂದುವುದಿಲ್ಲ.

ಪ್ರಾಟೆಸ್ಟಂಟರ ದಾರಿ ಇನ್ನೊಂದು. ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ ಮಿಷನ್ನು ಗಡಿ ಹಾಕಿದ ಧರ್ಮಕೇಂದ್ರಕ್ಕಿಂತ ಬೋಧಕರು ಸುತ್ತಿ ಬರುವ ಸರ್ಕೀಟನ್ನು ನಂಬಿತ್ತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಒಂದಾದ ಮೇಲೆ ಅವರಲ್ಲೂ ಧರ್ಮಾಧ್ಯಕ್ಷರು ಬಂದರು. ಊರ ಮಟ್ಟದ ಘಟಕ ಸಭಾಪಾಲಕರ ಪಾಸ್ಟರೇಟ್ ಆಯಿತು.

1963 ಕಥೋಲಿಕರಿಗೆ ತಿರುವಿನ ವರ್ಷ. ನವೆಂಬರ್ 16ರಂದು ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿತು, ಶಿವಮೊಗ್ಗ ಅದರೊಳಗೆ ಹೋಯಿತು. ಮೂರೇ ವಾರದೊಳಗೆ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿ; ಯಾರಿಗೂ ಸ್ವಂತದ್ದಲ್ಲದ ಭಾಷೆ, ಆದ್ದರಿಂದ ಎಲ್ಲರಿಗೂ ಸಮಾನ. ಇನ್ನು ಮುಂದೆ ಪ್ರತಿ ಧರ್ಮಕೇಂದ್ರವೂ ಯಾವ ಭಾಷೆ ಎಂದು ತೀರ್ಮಾನಿಸಬೇಕಾಯಿತು. ಕರ್ನಾಟಕದ ಹಲವೆಡೆ ಈ ಪ್ರಶ್ನೆ ಕಹಿಯಾಗಿ ಬೆಳೆಯಿತು. ಊರಿನ ಭಾಷೆಯಾದ ಕನ್ನಡಕ್ಕೆ ಮೊದಲ ಸ್ಥಾನ, ದುಡಿಯಲು ಬಂದವರ ಮಾತಿಗೂ ಒಂದು ಹೊತ್ತು: ಈ ಹೊಂದಾಣಿಕೆಯೇ ನ್ಯಾಯವಾದದ್ದು. ಕನ್ನಡದ ಪೂಜೆಗೆ ಹಂಬಲಿಸಿದವರ ನೋವನ್ನು ಬರೀ ಭಾಷಾಭಿಮಾನವೆಂದು ಕರೆದದ್ದು ತಪ್ಪು.

1988ರ ನವೆಂಬರ್ 14ರಂದು ಶಿವಮೊಗ್ಗವೇ ಧರ್ಮಕ್ಷೇತ್ರವಾಯಿತು. ಇಂದಿನ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಅದರ ವ್ಯಾಪ್ತಿ. ಇಗ್ನೇಷಿಯಸ್ ಪಿಂಟೊ ಮೊದಲ ಧರ್ಮಾಧ್ಯಕ್ಷರು. ಬಿ.ಎಚ್. ರಸ್ತೆಯ ಪವಿತ್ರ ಹೃದಯ ದೇವಾಲಯ ಪ್ರಧಾನಾಲಯದ ಪಟ್ಟ ಪಡೆಯಿತು.

ಇಷ್ಟರಲ್ಲಿ ಇನ್ನೊಂದು ವಲಸೆ ನಡೆದಿತ್ತು. ತಿರುವಾಂಕೂರಿನ ಕಡೆಯ ಸಿರಿಯನ್ ಕ್ರೈಸ್ತ ರೈತರು ಭೂಮಿ ಹುಡುಕಿಕೊಂಡು ಮಲಬಾರಿಗೆ, ವಯನಾಡಿಗೆ, ಅಲ್ಲಿಂದ ಮಲೆನಾಡಿಗೆ ಬಂದರು. ನರಸಿಂಹರಾಜಪುರದ ಸುತ್ತ ರಬ್ಬರ್ ತೋಟಗಳ ನಡುವೆ ಅವರ ಮನೆಗಳನ್ನು ಇಂದೂ ಕಾಣಬಹುದು. ಅವರದು ಸಂತ ತೋಮಾಸರ ಪರಂಪರೆ, ಪೂರ್ವದ ವಿಧಿ. ಪಳ್ಳಿಯೋಗಂ ಎಂಬ ಕುಟುಂಬ ಹಿರಿಯರ ಸಭೆಯೇ ಚರ್ಚಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಳೆಯ ರೂಢಿ ಅವರದು. ಲ್ಯಾಟಿನ್ ಧರ್ಮಕೇಂದ್ರಕ್ಕೆ ಹೋಗುವುದು ಅವರಿಗೆ ಸಾಧ್ಯವಿತ್ತು, ಸಾಕಾಗುತ್ತಿರಲಿಲ್ಲ.

ಧರ್ಮಕೇಂದ್ರಕ್ಕೆ ಸಾಮಾನ್ಯವಾಗಿ ಭೂಪ್ರದೇಶದ ಗಡಿ ಇರಬೇಕು, ಆದರೆ ಅಗತ್ಯವಿದ್ದರೆ ವಿಧಿ, ಭಾಷೆ, ರಾಷ್ಟ್ರೀಯತೆಯ ಆಧಾರದಲ್ಲೂ ಜನರನ್ನು ಕೂಡಿಸಬಹುದು ಎಂದು 1983ರ ಧರ್ಮಸಂಹಿತೆಯ 518ನೇ ನಿಯಮ ಹೇಳುತ್ತದೆ. 1987ರ ಮೇ ತಿಂಗಳಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಭಾರತದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು ಪೂರ್ವ ವಿಧಿಯವರ ಹಕ್ಕನ್ನು ಎತ್ತಿಹಿಡಿದರು. ಅದರ ಫಲ ಕರ್ನಾಟಕದಲ್ಲಿ ಒಂದೊಂದಾಗಿ ಕಂಡಿತು: 1999ರಲ್ಲಿ ಬೆಳ್ತಂಗಡಿ, 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ. ಭದ್ರಾವತಿ ಸಿರೋ ಮಲಬಾರ್ ಧರ್ಮಕ್ಷೇತ್ರ ಮಾನಂದವಾಡಿಯಿಂದ ಬೇರ್ಪಟ್ಟದ್ದು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಅದರ ವ್ಯಾಪ್ತಿ, ಜೋಸೆಫ್ ಅರುಮಚ್ಚಾಡತ್ ಮೊದಲ ಧರ್ಮಾಧ್ಯಕ್ಷರು. 2017ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಸಿರೋ ಮಲಬಾರ್ ಸಭೆಯ ಅಧಿಕಾರವ್ಯಾಪ್ತಿಯನ್ನು ಇಡೀ ಭಾರತಕ್ಕೆ ವಿಸ್ತರಿಸಿದರು. ಮಲವಗೊಪ್ಪ ಎರಡು ಧರ್ಮಕ್ಷೇತ್ರಗಳಿಗೆ ಸೇರಿದ್ದು ಹೀಗೆ.

ಪುಸ್ತಕಗಳ ಕೆಲಸ ಎರಡೂ ಕಡೆ ಒಂದೇ ಬಗೆಯದು. ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ, ಹೆತ್ತವರ, ಜ್ಞಾನ ತಂದೆತಾಯಿಯರ ಹೆಸರು, ಊರು, ದಿನಾಂಕ ಇರುತ್ತವೆ. ಹಲವು ಹಳೆಯ ಪುಸ್ತಕಗಳಲ್ಲಿ ತಂದೆಯ ಕಸುಬಿಗೂ ಒಂದು ಅಂಕಣ. ಆ ಮಗು ಬೆಳೆದು ಬೆಂಗಳೂರಿನಲ್ಲೋ ದುಬೈಯಲ್ಲೋ ಮದುವೆಯಾದರೆ ಅಲ್ಲಿನ ಗುರು ಮೂಲ ಧರ್ಮಕೇಂದ್ರಕ್ಕೆ ತಿಳಿಸಬೇಕು. ಭದ್ರಾವತಿಯ ಪುಸ್ತಕದ ಅಂಚಿನಲ್ಲಿ ಅದನ್ನು ಬರೆಯುತ್ತಾರೆ. ಮನುಷ್ಯ ಎಲ್ಲಿಗೇ ಹೋದರೂ ಅವನ ಬದುಕಿನ ಮುಖ್ಯ ಘಟ್ಟಗಳು ಹುಟ್ಟೂರಿನ ಒಂದೇ ಪುಟಕ್ಕೆ ಬಂದು ಸೇರುತ್ತವೆ.

ಈ ಪುಟಗಳ ಬೆಲೆ ಇಂದು ಹೆಚ್ಚಿದೆ. ಕಾಗದ ಕಾರ್ಖಾನೆ ವರ್ಷಗಳ ಹಿಂದೆಯೇ ಸ್ತಬ್ಧವಾಯಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದಾಗ ಭದ್ರಾವತಿ ಬೀದಿಗಿಳಿಯಿತು. ದುಡಿಮೆ ಕರೆತಂದಿದ್ದ ಜನರ ಮಕ್ಕಳನ್ನು ದುಡಿಮೆಯೇ ಬೇರೆ ಊರಿಗೆ ಕರೆದೊಯ್ಯುತ್ತಿದೆ. ಕಾರ್ಖಾನೆಯ ಕಡತಗಳು ನೌಕರನ ಸಂಖ್ಯೆ ಮತ್ತು ಸಂಬಳ ಹೇಳಬಲ್ಲವು. ಅವನು ಯಾವ ಸೀಮೆಯಿಂದ ಬಂದ, ಯಾರನ್ನು ಮದುವೆಯಾದ, ಯಾವ ನೆರೆಯವರು ಅವನ ಮಗುವಿಗೆ ಜ್ಞಾನ ತಂದೆಯಾದರು, ಎಷ್ಟು ಕೂಸುಗಳನ್ನು ಮಣ್ಣು ಮಾಡಿದ ಎಂಬುದನ್ನು ಧರ್ಮಕೇಂದ್ರದ ಪುಸ್ತಕ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ಚರಿತ್ರೆ ಬರೆಯುವವರು ಶಾಸನಗಳಿಗೆ ಕೊಡುವ ಗಮನದ ಒಂದಿಷ್ಟನ್ನು ಇವಕ್ಕೂ ಕೊಡಲಿ. ಎರಡೂ ಧರ್ಮಕ್ಷೇತ್ರಗಳು ಹಳೆಯ ದಾಖಲೆಗಳನ್ನು ಗೆದ್ದಲು ಹಿಡಿಯುವ ಮೊದಲೇ ಸ್ಕ್ಯಾನ್ ಮಾಡಿಸಿ, ಖಾಸಗಿ ವಿವರಗಳಿಗೆ ತಕ್ಕ ರಕ್ಷಣೆಯಿಟ್ಟು, ಸಂಶೋಧಕರಿಗೆ ಒದಗಿಸಲಿ. ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿ, ಭದ್ರಾವತಿಯ ಮಗ್ಗುಲಲ್ಲೇ ಇದೆ. ಈ ಕೆಲಸಕ್ಕೆ ಅಲ್ಲಿನ ಇತಿಹಾಸದ ವಿದ್ಯಾರ್ಥಿಗಳು ಮುಂದೆ ಬರಲಿ.